ಕೈಗೆ ಕೊಡಬಾರದ್ದು

ಬಸ್ಸು ನನ್ನನ್ನು ಇಳಿಸಿ ಹೋದ ಮೇಲೆ
ಅದರ ಧೂಳು ಬಹಳ ಹೊತ್ತು ಅಲ್ಲೇ ನಿಂತಿತ್ತು,
ಯಾರ ಮನೆಗೆ ಎಂದು ಕೇಳುವವರಿಲ್ಲದೆ.
ತುನುಪಾ ಬೆಟ್ಟದ ಬುಡ, ಹನ್ನೆರಡು ಸಾವಿರ ಅಡಿ.
ಇಲ್ಲಿ ಉಸಿರನ್ನು ಚಿಲ್ಲರೆಯಾಗಿ ಎಣಿಸಿ ಕೊಡುತ್ತಾರೆ:
ನಾಲ್ಕು ಹೆಜ್ಜೆಗೆ ಇಷ್ಟು,
ಬಗ್ಗಿ ಬೂಟಿನ ದಾರ ಕಟ್ಟಿದರೆ ಸಾಲ.

ಪ್ರಿಮಿತಿವಾ ಲೂಪಾ ಬಾಗಿಲಲ್ಲೇ ನೋಡಿ
ಏನೂ ಕೇಳದೆ ಅಂಗೈಗೆ ಎಲೆ ಸುರಿದಳು,
ಕೋಕಾ. ಕವಳದ ಹಾಗೆ ದವಡೆಗೊತ್ತಿಕೊಂಡು
ಗೋಡೆಗೆ ಒರಗಿದೆ. ಗೋಡೆ ಉಪ್ಪು.
ಮಂಚ ಉಪ್ಪು, ಮೇಲೊಂದು ಲಾಮಾ ತೊಗಲು.
ಇಟ್ಟಿಗೆ ಇಟ್ಟಿಗೆಯ ನಡುವೆ ಮೆತ್ತಿದ್ದೂ ಉಪ್ಪು.
ರಾತ್ರಿಯ ಕೀನ್ವಾ ಗಂಜಿ ಮಾತ್ರ ಸಪ್ಪೆ.

"ಉಪ್ಪು?" ಎಂದೆ ಸಂಕೋಚದಿಂದ.
ಅವಳು ನಕ್ಕ ರಭಸಕ್ಕೆ ದೀಪ ಅಲುಗಿತು.
ಡಬ್ಬಿ ತೆಗೆದಳು: ಪೇಟೆಯ ಪ್ಯಾಕೆಟ್ಟು, ಅಯೋಡಿನ್ ಬೆರೆಸಿದ್ದು.
ಗಳಗಂಡ ಬಂದೀತು, ಇದನ್ನೇ ತಿನ್ನಿ ಎಂದು
ಆಸ್ಪತ್ರೆಯ ನರ್ಸಮ್ಮ ಗದರಿದ್ದಾಳಂತೆ.
ಒಂದು ಚಿಟಿಕೆ ಹಾಕಿ, ಬೆರಳಿಗಂಟಿದ್ದನ್ನು
ಜೋಪಾನವಾಗಿ ಮತ್ತೆ ಡಬ್ಬಿಗೆ ಉದುರಿಸಿದಳು.

ದಿಂಬಿನ ಪಕ್ಕದ ಇಟ್ಟಿಗೆಯಲ್ಲಿ ಗೆರೆಗಳಿವೆ,
ಬಿಳಿ, ಮಣ್ಣುಗಪ್ಪು, ಬಿಳಿ, ಮಣ್ಣುಗಪ್ಪು.
ಮಳೆ ಬಂದಾಗ ಮಣ್ಣು, ಒಣಗಿದಾಗ ಉಪ್ಪು.
ಹೆಬ್ಬೆರಳ ಉಗುರಿಟ್ಟು ಓದಿ ಹೇಳಿದಳು:
ಇದು ನನ್ನ ಮದುವೆ. ಆ ವರ್ಷ ಮೊಣಕಾಲುದ್ದ ನೀರು,
ವಾದ್ಯದವರ ಲಾರಿ ಹೂತು, ಡೋಲು ಮೊದಲು ತೇಲಿ ಬಂತು.
ಇದು ತಮ್ಮ ಸೆವೆರೀನೊ ಗಣಿಯಿಂದ ಕೆಮ್ಮು ತಂದ ವರ್ಷ.
ಇಲ್ಲಿ ನೋಡು, ಬರೀ ಬಿಳಿ. ಮಳೆಯಿಲ್ಲ.
ಏನಾಯಿತೋ ನೆನಪೂ ಇಲ್ಲ.
ಅದರ ಕೆಳಗೆ? ಎಂದೆ.
ಅವು ನನ್ನವಲ್ಲ, ಎಂದು ದೀಪ ಆರಿಸಿದಳು.

ಕತ್ತಲಲ್ಲಿ ಗೋಡೆ ಸವರಿದರೆ ಒಂದು ಕಡೆ ನುಣ್ಣನೆ ಹಳ್ಳ.
ತಾಯಿಯಿಲ್ಲದ ಲಾಮಾ ಮರಿಯೊಂದು ಯಾವುದೋ ಚಳಿಗಾಲ
ಇಲ್ಲೇ ಮಲಗಿ ನೆಕ್ಕಿದ್ದಂತೆ (ಇದು ಬೆಳಿಗ್ಗೆ ತಿಳಿದದ್ದು).
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ನಾನೂ ನೆಕ್ಕಿದೆ.
ಕಹಿ.

ಬಯಲಿಗಿಳಿದೆ. ಆರು ಮೂಲೆಯ ಚೌಕಟ್ಟು, ಪಕ್ಕಕ್ಕೆ ಇನ್ನೊಂದು,
ಯಾರೋ ನೆಲ ಅಳೆಯಲು ಹೊರಟು ಲೆಕ್ಕ ತಪ್ಪಿ
ಮತ್ತೆ ಮೊದಲಿಂದ, ಮತ್ತೆ ಮೊದಲಿಂದ ಎಂಬಂತೆ.
ದೂರದಲ್ಲೊಂದು ಕಪ್ಪು ಚುಕ್ಕೆ. ನಾಯಿ ಎಂದುಕೊಂಡೆ,
ಮನುಷ್ಯ ಎಂದುಕೊಂಡೆ, ಕೈ ಬೀಸಿದೆ ಕೂಡ.
ಒಂದು ಗಂಟೆ ನಡೆದ ಮೇಲೆ ಅದು ಟಯರು.
ಅದರ ಮೇಲೆ ಕೂತು ತಿರುಗಿ ನೋಡಿದರೆ
ಊರು ಒಂದು ಕಪ್ಪು ಚುಕ್ಕೆ.

ಸೆವೆರೀನೊ ಇನ್ನೂ ಕೊಡಲಿಯಿಂದಲೇ ಕಡಿಯುತ್ತಾನೆ
ಕಣ್ಣಿಗೆರಡು ತೂತಿನ ಉಣ್ಣೆ ಮುಸುಕು ಹಾಕಿ.
ಅವನ ಅಜ್ಜ ಲಾಮಾಗಳ ಬೆನ್ನಿಗೆ ಇದನ್ನು ಹೇರಿ
ಹದಿನೈದು ದಿನ ಕಣಿವೆಗಿಳಿದು ಮೆಕ್ಕೆಜೋಳ ತರುತ್ತಿದ್ದನಂತೆ.
"ಈಗ ನೆಲದಡಿಯ ನೀರನ್ನೇ ಹೀರುವವರು ಬಂದಿದ್ದಾರೆ,
ನಿನ್ನ ಫೋನಿನ ಹೊಟ್ಟೆಗೆ," ಎಂದ, ಕೆಮ್ಮಿದ.
ಫೋಟೋ ತೆಗೆಯಲು ಎತ್ತಿದ್ದನ್ನು ಜೇಬಿಗೆ ತುರುಕಿದೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬುದನ್ನು
ನನ್ನ ಹರಕು ಸ್ಪಾನಿಷ್ಷಿನಲ್ಲಿ ಹೇಳಹೋಗಿ ಕೈಬಿಟ್ಟೆ.
ಕುಡಿಯುವ ನೀರು ಅಲ್ಲಿಗೆ ವಾರಕ್ಕೊಮ್ಮೆ
ಟ್ಯಾಂಕರಿನಲ್ಲಿ ಬರುತ್ತದೆ.

ಹೊರಡುವ ದಿನ ಬಯಲಿನ ಅಂಚಿನವರೆಗೂ ಬಂದು
ಪ್ರಿಮಿತಿವಾ ಒಂದು ಹರಳು ಹಿಡಿದು ಕೈ ಚಾಚಿದಳು.
ನನ್ನ ಕೈ ತಂತಾನೇ ಹಿಂದೆ ಸರಿಯಿತು.
ನಮ್ಮಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ,
ಜಗಳ ಬರುತ್ತದೆ, ಕೆಳಗಿಡು, ನಾನೇ ಎತ್ತಿಕೊಳ್ಳುತ್ತೇನೆ,
ಎಂದು ಅರ್ಧ ಬಾಯಲ್ಲಿ ಅರ್ಧ ಬೆರಳಲ್ಲಿ ಹೇಳಿದೆ.
ಅವಳು ಗಂಭೀರವಾಗಿ ತಲೆಯಾಡಿಸಿ
ಬಗ್ಗಿ, ಕೆಳಗಿಟ್ಟಳು.

ಆಮೇಲೆ ಇಬ್ಬರೂ ಮಂಡಿಯೂರಿ ಹುಡುಕಿದೆವು.
ಇದಾ? ಅಲ್ಲ, ಅದರದ್ದೊಂದು ಮೂಲೆ ಮುರಿದಿತ್ತು. ಹಾಗಾದರೆ ಇದು?
ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು.