ಮೊದಲ ಸುತ್ತಿಗೇ

ರೊಸಾರಿಯೋದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ದನಿ ಏರಿಸಬೇಡಿ. ಮೊದಲು ಕುದುರೆಯ ಯೋಗಕ್ಷೇಮ ಕೇಳಿ.
‘ನಿಮ್ಮದು ತಪ್ಪು’ ಎಂಬ ಮಾತನ್ನು
ಚೀಲದಿಂದ ಹೊರಗೇ ತೆಗೆಯಬೇಡಿ.
ಅಂಕಿಸಂಖ್ಯೆ ಕೊನೆಗೆ, ಅದೂ ಮೆಲ್ಲಗೆ,
ನಿದ್ದೆಹೋದ ಕೂಸಿನ ಮುಷ್ಟಿಯಿಂದ
ಗಿಲಕಿ ಬಿಡಿಸಿಕೊಳ್ಳುವ ಹಾಗೆ.

ದೋನ್ ಎವಾರಿಸ್ತೋನ ಬಾವಿಯಲ್ಲಿ
ಲೀಟರಿಗೆ ನೂರ ನಲವತ್ತು ಮೈಕ್ರೋಗ್ರಾಂ ಆರ್ಸೆನಿಕ್.
ಹತ್ತು ದಾಟಬಾರದು.
ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ಸುಳಿವಿಲ್ಲ.
ಕುದಿಸಿದರೆ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ,
ಬೈಸಿಕೊಂಡ ಹಠದ ಹಾಗೆ.

ನನಗಿಂತ ಮುಂಚೆ ರಮೀರೋ ಹೋಗಿದ್ದ.
ಗೇಟಿನಾಚೆ ನಿಂತೇ ಅಂಕಿ ಬೀಸಿದ, ಕಲ್ಲು ಬೀಸಿದ ಹಾಗೆ.
ನಾಯಿ ಬಿಟ್ಟರು. ಪ್ಯಾಂಟು ಹರಿಯಿತು.

ನನಗೆ ಕುರ್ಚಿ ಹಾಕಿದರು.

ಗೋಡೆಯಲ್ಲಿ ಅವನ ಪಕ್ಷದ ಕ್ಯಾಲೆಂಡರು,
ವರ್ಷ ಎರಡು ಕಳೆದರೂ ಇಳಿಸಿರಲಿಲ್ಲ.
ನನ್ನ ಓಟು ಯಾವ ಕಡೆಗೆಂದು
ನನ್ನ ಬೂಟು ನೋಡಿಯೇ ಓದಿಕೊಂಡಿದ್ದ.
ಸೋರೆಬುರುಡೆಯಲ್ಲಿ ಕಹಿ ಎಲೆ ತುಂಬಿ
ಕೆಟಲಿನ ನೀರು ಹುಯ್ದು, ಬೆಳ್ಳಿಯ ಕೊಳವೆ ನನ್ನ ಕಡೆ ತಿರುಗಿಸಿ ಕೊಟ್ಟ.
ಮಾತು ಸುತ್ತು ಬಂತು, ಮಾತೆಯ ಬುರುಡೆ ಸುತ್ತು ಬಂತು,
ಅವನಿಂದ ನನಗೆ, ನನ್ನಿಂದ ಅವನಿಗೆ.

‘ಅಂಕಿ ನಿಮ್ಮವರದು, ನೆಲಿದಾ. ನೀರು ನನ್ನದು.
ಅಪ್ಪ ಇದನ್ನೇ ಕುಡಿದು ಎಂಬತ್ತನಾಲ್ಕು ಬಾಳಿದ.’
ಹೆಂಡತಿ ಐವತ್ತೊಂದಕ್ಕೆ ಹೋದದ್ದು
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ತರಬೇತಿಯಲ್ಲಿ ಆ ಪಾಠವೂ ಇತ್ತು.
ಬುರುಡೆ ಹಿಡಿದ ಅಂಗೈಯಲ್ಲಿ
ಜೋಳದ ಕಾಳಿನಂಥ ಗಂಟುಗಳು.
ಅದು ದುಡಿಮೆಯ ಗುರುತಂತೆ. ಇರಬಹುದು ಅಂದೆ.

ಮಾತು ಬಲ್ಲವಳು, ಜಗಳವಾಗಲಿಲ್ಲ.
ನೀರು ಬಲ್ಲವಳೂ ನಾನೇ,
ಕುಡಿದೆ.

ಹೀಗೆ ನಾಲ್ಕು ಸಲ. ನಾಲ್ಕು ಸಲವೂ
ಪ್ರಯೋಗಾಲಯದ ಕಾಗದ ನನ್ನ ಕೈಗೇ ವಾಪಸು.
ರಮೀರೋನ ಕಾಗದ ಮುದ್ದೆಯಾಗಿ ಬಂದಿತ್ತು,
ನನ್ನದು ಅಚ್ಚುಕಟ್ಟಾಗಿ ಮಡಿಸಿಕೊಂಡು.
ರಾತ್ರಿ ಮೋಟೆಲಿನ ಕನ್ನಡಿಯಲ್ಲಿ
ನನ್ನ ಅಂಗೈ ನಾನೇ ತಿರುಗಿಸಿ ನೋಡಿದೆ.

ಐದನೆಯ ಸಲ, ಮೊದಲ ಸುತ್ತಿಗೇ,
ಬುರುಡೆ ಹಿಂದಕ್ಕೆ ಕೊಡುತ್ತ ‘ಗ್ರಾಸಿಯಾಸ್’ ಅಂದುಬಿಟ್ಟೆ.
ಪಾಂಪಾದ ಈ ಬಯಲಲ್ಲಿ, ಬುರುಡೆ ಕೈಯಲ್ಲಿರುವಾಗ
ಧನ್ಯವಾದವೆಂದರೆ ಸಾಕು ಎಂದರ್ಥ, ಇನ್ನು ಬೇಡ ಎಂದರ್ಥ.
ಆ ಮನೆಯಲ್ಲಿ ಮೊದಲ ಸುತ್ತಿಗೆ ಅದನ್ನಂದವರಿರಲಿಲ್ಲ.
ಹೊರಗೆ ಗಾಳಿಯಂತ್ರ ಕಿರುಗುಟ್ಟಿತು.
ಕೆಟಲು ಹಿಡಿದ ಕೈ ಅಲ್ಲೇ ನಿಂತಿತು.

‘ಹೆದರಿಕೆಯೇ?’
‘ಹೌದು.’

ನೂರ ನಲವತ್ತು ಅನ್ನಲಿಲ್ಲ. ಹತ್ತು ಅನ್ನಲಿಲ್ಲ.
ಕುದುರೆಯ ಸುದ್ದಿ ಎತ್ತಲಿಲ್ಲ.
ಅವನೂ ಏನೂ ಅನ್ನಲಿಲ್ಲ.
ಗೇಟಿನವರೆಗೆ ಬಂದು, ನಾಯಿಯ ಕೊರಳು ಹಿಡಿದು ನಿಂತ.

ಮುಂದಿನ ತಿಂಗಳು ಊರವರು ಹೇಳಿದರು:
ಪುರಸಭೆಯ ಸೋಸಿದ ನೀರಿನ ನಲ್ಲಿಯ ಮುಂದೆ
ಅವನ ಟ್ರಕ್ಕು, ಎರಡು ಕ್ಯಾನು.
ಯಾರೋ ನಕ್ಕು ಕೇಳಿದ್ದಕ್ಕೆ
‘ಬಂದವರಿಗೆ ಬೇಕಾಗುತ್ತದೆ’ ಅಂದನಂತೆ.

ಗೆದ್ದೆನೆಂದು ಬರೆದುಕೊಳ್ಳಲು ವರದಿಯಲ್ಲಿ ಕಾಲಮ್ಮಿಲ್ಲ.
ಅವನು ಮರ್ಯಾದೆ ಮಾಡಿದ್ದು ನನಗೆ,
ನನ್ನ ಕಾಗದಕ್ಕಲ್ಲ.
ಕ್ಯಾಲೆಂಡರು ಈಗಲೂ ಅಲ್ಲೇ ಇದೆ.
ಅಕ್ಟೋಬರಿನಲ್ಲಿ ಓಟು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು,
ನನ್ನದೂ.

ಒಲೆಯ ಮೇಲೆ ಈಗ ಎರಡು ಕೆಟಲು.
ಕಪ್ಪು ಹಿಡಿದದ್ದು ಅವನ ಸರದಿಗೆ, ಹೊಸದು ನನ್ನ ಸರದಿಗೆ.
ಬುರುಡೆ ಮಾತ್ರ ಒಂದೇ, ಎಲೆ ಅದೇ, ಕೊಳವೆ ಅದೇ.
ತಳದಲ್ಲಿ ಎಷ್ಟು ಉಳಿಯುತ್ತದೆಂದು ನನಗೆ ಲೆಕ್ಕ ಗೊತ್ತು.
‘ತಗೋ, ನೆಲಿದಾ’ ಅನ್ನುತ್ತಾನೆ,
ಕೊಳವೆಯನ್ನು ನನ್ನ ಕಡೆ ತಿರುಗಿಸಿ.