ಹನ್ನೊಂದು ಕುರ್ಚಿ

ಮಂಗಳವಾರ ಸಂಜೆ ಆರಕ್ಕೆ ಹನ್ನೊಂದು ಕುರ್ಚಿ.
ಸೋಮವಾರದ್ದು ಏಳೇ, ತೀರಿಕೊಂಡವರ ಮನೆಮಂದಿಯದು;
ಗುರುವಾರ ಉಸಿರಾಟದ ಕಮ್ಮಟ, ಕುರ್ಚಿ ಬೇಡ, ಚಾಪೆ ಸಾಕು.
ಇಗರ್ಜಿಯ ನೆಲಮಾಳಿಗೆಯನ್ನು ಬಾಡಿಗೆಗೆ ಹಿಡಿದ ಆಪ್ತಸಲಹೆಯವರು
ಅದರ ಜೊತೆಗೆ ನನ್ನನ್ನೂ ಹಿಡಿದುಕೊಂಡರು:
ಬಾಯ್ಲರು, ಕಾಫಿ ಕೆಟಲು, ವೈಕ್ಕೊ.

ದುಂಡಗೆ ಇಡಬೇಕು ಎಂದಿದ್ದರು ಸೋಲ್ವೆಗ್ ಮೊದಲ ದಿನ.
ದುಂಡಗೆ ಅಂದರೆ ದುಂಡಗೇ, ಮೊಟ್ಟೆಯ ಹಾಗಲ್ಲ;
ಮೊಟ್ಟೆಯಾದರೆ ಇಬ್ಬರು ತುದಿಗೆ ಬೀಳುತ್ತಾರೆ,
ತುದಿಗೆ ಬಿದ್ದವರು ಮುಂದಿನ ವಾರ ಬರುವುದಿಲ್ಲ.
ನೆಲಕ್ಕೊಂದು ಸೀಮೆಸುಣ್ಣದ ಚುಕ್ಕೆಯಿಟ್ಟು
ಪೊರಕೆಯ ಹಿಡಿಗೆ ದಾರ ಕಟ್ಟಿ ಅಳೆದೆ.

ಅವರು ಆಡುವುದು ನನಗೆ ಕೇಳಿಸದು. ಬಾಗಿಲು ಮುಚ್ಚಿರುತ್ತದೆ.
ಎದ್ದು ಹೋದ ಮೇಲೆ ಕುರ್ಚಿಗಳು ಹೇಳುತ್ತವೆ.
ಡೆಲ್ಬರ್ಟನದು, ಅದಿರು ಹಡಗಿನಲ್ಲಿ ಮೂವತ್ತು ವರ್ಷ ದುಡಿದವನು,
ಪ್ರತಿಸಲ ಒಂದು ಗೇಣು ಹಿಂದಕ್ಕೆ, ಬೆನ್ನಿಗೆ ಗೋಡೆ ಸಿಗಲೆಂದು.
ರಾತ್ರಿಪಾಳಿಯ ನರ್ಸ್ ಟೆಸ್ಸಾ ಕೂತಲ್ಲಿ
ಕಾಗದದ ಲೋಟ, ಶಾವಿಗೆಯಷ್ಟು ಸಣ್ಣಗೆ ಹರಿದದ್ದು.
ಒಂದು ವಾರ ಎಲ್ಲ ಕುರ್ಚಿಗಳೂ ಒಂದೇ ಕಡೆಗೆ ವಾಲಿದ್ದವು,
ಬಚ್ಚಲ ತೂಬಿನತ್ತ ನೀರು ಸರಿದ ಹಾಗೆ,
ಟೆಸ್ಸಾಳ ಕಡೆಗೆ. ಏನಾಯಿತೋ.
ನಾನು ಕೇಳಲಿಲ್ಲ. ಗುಡಿಸಿದೆ.

ಬಾಯ್ಲರ್ ಗೋಡೆಯ ಪಕ್ಕದ್ದು ಪಾ ಕೌಳದು.
ಇಟ್ಟಲ್ಲೇ ಇರುತ್ತದೆ, ಯಾರೂ ಕೂತೇ ಇಲ್ಲವೆಂಬಂತೆ.
ಒಂಬತ್ತು ವಾರದಿಂದ, ಸರದಿ ಬಂದಾಗ, ಒಂದೇ ಮಾತಂತೆ: ‘ಪಾಸ್.’
ಇದನ್ನು ಮೆಟ್ಟಿಲ ಮೇಲೆ ಸಿಗರೇಟು ಸೇದುತ್ತ ಡೆಲ್ಬರ್ಟ್ ಬಾಯಿಬಿಟ್ಟ.
ಅವನು ಹೇಳಬಾರದಿತ್ತು. ನಾನೂ ಹೇಳಬಾರದು.

ಫೆಬ್ರವರಿಯ ಒಂದು ಮಂಗಳವಾರ ಸರೋವರದ ಕಡೆಯಿಂದ
ಹಿಮ ಅಡ್ಡಡ್ಡ ಬೀಸಿತು. ಡುಲೂತ್ ಪೂರ್ತಿ ಬಾಗಿಲು ಹಾಕಿಕೊಂಡಿತು.
ಸೋಲ್ವೆಗ್ ಫೋನು ಮಾಡಿದರು: ಗುಡ್ಡದ ತಿರುವಿನಲ್ಲಿ ಕಾರು ಹೂತಿದೆ,
ಎಲ್ಲರಿಗೂ ತಿಳಿಸಿದ್ದೇನೆ, ಒಬ್ಬಳು ಮಾತ್ರ ಎತ್ತುತ್ತಿಲ್ಲ.

ಆ ಒಬ್ಬಳು ಆಗಲೇ ಬಂದು ಕೂತಿದ್ದಳು,
ಬೂಟಿನ ಹಿಮ ಕರಗಿ ಕುರ್ಚಿಯಡಿ ಪುಟ್ಟ ಹೊಂಡ.
ಇವತ್ತಿಲ್ಲ ಎಂದೆ. ತಲೆಯಾಡಿಸಿದಳು, ಏಳಲಿಲ್ಲ.
ಎರಡು ಬಸ್ಸು ಬದಲಾಯಿಸಿ ಬಂದೆ ಎಂದಳು,
ವಾಪಸಿನದು ಏಳೂವರೆಗೆ, ಅದೂ ಬಂದರೆ.
ಒಬ್ಬಳೇ ದುಂಡಗೆ ಕೂರುವುದು ಹೇಗೆ?
ಪೊರಕೆ ಒರಗಿಸಿ, ಎದುರಿಗಲ್ಲ, ಎರಡು ಬಿಟ್ಟು ಮೂರನೆಯದರಲ್ಲಿ
ಕೂತೆ. ದಿನಾ ಎತ್ತಿಡುವ ಕುರ್ಚಿ
ಇಷ್ಟು ಗಟ್ಟಿಯೆಂದು ಗೊತ್ತಿರಲಿಲ್ಲ.

ಆರು ಹೊಡೆಯಿತು. ಅವಳು ಪದ್ಧತಿ ತಪ್ಪಿಸಲಿಲ್ಲ:
‘ಈ ವಾರ ಹೇಗಿತ್ತು, ವೈಕ್ಕೊ?’
ನನ್ನ ಅಣ್ಣ ಎರ್ಕಿ, ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು.
‘ಪಾಸ್’ ಎಂದೆ.
‘ನಾನೂ’ ಎಂದು ನಕ್ಕಳು,
ಸಣ್ಣಗೆ, ಕೆಟಲಿನ ಮುಚ್ಚಳ ಕುಣಿದಷ್ಟು.

ಆಮೇಲೆ ಒಂದು ಗಂಟೆ ಬಾಯ್ಲರೇ ಮಾತಾಡಿತು.
ಅದರ ಹೊಟ್ಟೆನೋವು ನನಗೆ ಹಳೆಯದು.
ಅವಳಿಗೂ ಹಳೆಯದೆಂದು ಅಂದು ಕಂಡೆ:
ಅದು ಗುಡುಗುವ ಮೊದಲೇ ಅವಳ ಕಿವಿ ಅತ್ತ ತಿರುಗುತ್ತಿತ್ತು.

ಏಳೂಕಾಲಿಗೆ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು,
ಹಾಜರಿ ಪಟ್ಟಿಯಲ್ಲಿ ತನ್ನ ಹೆಸರು ಬರೆದು ಪೆನ್ನು ಚಾಚಿದಳು.
ಬೇಡವೆಂದೆ. ತಾನೇ ಬರೆದಳು: ವೈಕೊ,
ಒಂದು ‘ಕ’ ಕಡಿಮೆ. ತಿದ್ದಲಿಲ್ಲ.

ಇದಾಗಿ ಮೂರು ವಾರ. ಮಂಗಳವಾರಕ್ಕೆ ಹನ್ನೊಂದೇ ಇಡುತ್ತೇನೆ.
ಬಾಗಿಲ ಆಚೆ ಈಗ ಅವಳು ಏನಾದರೂ ಹೇಳುತ್ತಾಳೋ ಇಲ್ಲವೋ,
ಡೆಲ್ಬರ್ಟ್ ಸಿಗರೇಟು ಬಿಟ್ಟಿದ್ದಾನೆ, ಸುದ್ದಿಯಿಲ್ಲ.
ಕಳೆದ ವಾರ ಅವಳ ಕುರ್ಚಿಯ ಮೇಲೊಂದು ಚೀಟಿ:
‘ಎಡಗಡೆಯ ವಾಲ್ವು ಸಡಿಲ, ವೈಕೊ.’
ನಿಜ. ಹನ್ನೆರಡು ವರ್ಷ ನಾನು
ಬಲಗಡೆಯದನ್ನೇ ಬಿಗಿಯುತ್ತ ಬಂದಿದ್ದೆ.

ಈಗ ಕೋಣೆ ಎಷ್ಟು ನಿಶ್ಶಬ್ದವೆಂದರೆ
ಮೊನ್ನೆ ಸೋಮವಾರ ಏಳು ಕುರ್ಚಿ ಬಿಡಿಸಿಟ್ಟ ಸದ್ದು
ನನಗೇ ಜೋರಾಯಿತು.
ಎಂಟನೆಯದು ಕಂಕುಳಲ್ಲೇ ಇತ್ತು.
ಮಡಚಿದ ಹಾಗೇ ಒರಗಿಸಿದೆ,
ಬಾಗಿಲ ಒಳಗಡೆ.