ಕಿವಿಗೊಡದ ಕೋಸು

ಗಂಗ್ವೊನ್ ಗುಡ್ಡದ ನೆತ್ತಿ. ಇಲ್ಲಿ ಮೋಡ
ಮೊಣಕಾಲಿಗೆ ಬಂದು ಮೂಸುತ್ತದೆ,
ಒಕ್‌ಬುನ್ ಅಜ್ಜಿ ಅದನ್ನು ನಾಯಿಯಂತೆ ಗದರಿ ಅಟ್ಟುತ್ತಾಳೆ.

ಮೂರು ವರ್ಷದ ಹಿಂದೆ ಇದೇ ಇಳಿಜಾರಿನಲ್ಲಿ
ಕೋಸಿನ ಮೈತುಂಬ ತಿಳಿಹಸಿರು ಕಡುಹಸಿರು ತೇಪೆ,
ಸೀಳಿದರೆ ಒಳದಂಟಿನ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು.
ಗಿಡಹೇನು ಒಂದು ಕ್ಷಣ ಚುಚ್ಚಿ, ರುಚಿ ನೋಡಿ,
ಬೇಡವೆಂದು ಹಾರಿತ್ತು.
ಅಷ್ಟರಲ್ಲೇ ಕೊಟ್ಟಾಗಿತ್ತು.
ಲಾರಿ ಬರಿದೇ ಇಳಿಯಿತು.

ನಾನು ಬೀಜದವಳು. ಕೆಳಗಿನ ತಳಿಕೇಂದ್ರದಲ್ಲಿ
ರೋಗದೆಲೆ ಅರೆದು, ಎಳೆಯ ಸಸಿಗಳಿಗೆ
ಬೆರಳ ತುದಿಯಿಂದ ನಂಜು ತೀಡುವುದು ನನ್ನ ಸಂಬಳದ ಕೆಲಸ.
ಮಗುವಿನ ಮೂಗೊರೆಸುವ ಅದೇ ಮೆದುವಿನಲ್ಲಿ.

ಎಲ್ಲ ಬಿದ್ದವು. ಒಂದು ಸುಮ್ಮನೆ ನಿಂತಿತ್ತು:
ಅಜ್ಜಿಯ ತಾಯಿ ಹಿತ್ತಿಲಲ್ಲಿ ಉಳಿಸಿದ್ದ,
ಸರಿಯಾಗಿ ಗಡ್ಡೆ ಕಟ್ಟದ, ಕಹಿ ಜಾತಿ.
ಅದರ ಬಲ ಏನೆಂದು ಹುಡುಕಿದೆವು. ಕೋಟೆಯೋ, ಕತ್ತಿಯೋ?
ಏನೂ ಇರಲಿಲ್ಲ.
ನಂಜಾಣು ಒಳಹೊಕ್ಕು ಪಿಸುಗುಡುತ್ತದಂತೆ,
‘ನನ್ನಂಥದೇ ಮಾಡು, ಇನ್ನೊಂದು ಮಾಡು’.
ಬೇರೆ ಗಿಡಗಳಲ್ಲಿ ಆ ಮಾತಿಗೆ ಹ್ಞೂಂ ಎನ್ನಲು
ಕಣಕಣದಲ್ಲೂ ಒಂದು ಕಿವಿ.
ಈ ಪುಣ್ಯಾತಗಿತ್ತಿಗೆ ಆ ಕಿವಿ ಮಂದ.

ಮೊಗ್ಗು ಬಿರಿಯುವ ಮುಂಚೆಯೇ ಬಿಡಿಸಿ, ಪರಾಗ ಇಟ್ಟೆ.
ಮೊದಲ ಸಂತಾನ ಪೂರ್ತಿ ಕಾಯಿಲೆ ಬಿತ್ತು.
ದೋಗ್ಯೊಂಗ್ ತಟ್ಟೆಗಳನ್ನೆತ್ತಿ ಕಸಕ್ಕೆ ಹೊರಟಿದ್ದ.
ತಡಿ ಮಾರಾಯ, ಅಂದೆ. ಅಪ್ಪನ ಕಿವಿ ಕೇಳುತ್ತಿದೆ,
ಅವ್ವನದು ಒಳಗೆ ಮಲಗಿದೆ.
ಕಿವುಡು ಎರಡೂ ಕಡೆಯಿಂದ ಬರಬೇಕು.
ಅವನು ನಂಬಲಿಲ್ಲ. ತಟ್ಟೆ ಮಾತ್ರ ಕೆಳಗಿಟ್ಟ.
ಮರುಪೀಳಿಗೆಯಲ್ಲಿ ನಾಲ್ಕಕ್ಕೊಂದು ನಿಂತಿತು,
ನಿಂತದ್ದನ್ನು ಮತ್ತೆ ಮತ್ತೆ ಒಳ್ಳೆಯ ಗಡ್ಡೆಗೆ ಕೂಡಿಸಿದೆ.

ಇವತ್ತು ಕೊಯ್ಲು. ದಲ್ಲಾಳಿ ಮೆಂಗ್ ಬಂದಿದ್ದಾನೆ.
‘ಅಜ್ಜೀ, ಪೇಟೆ ಬೀಳುತ್ತಿದೆ, ಈಗಲೇ ಕೊಟ್ಟುಬಿಡು!’
ಅಜ್ಜಿ ಎಡಗಿವಿ ಮುಟ್ಟಿ ತಲೆಯಾಡಿಸುತ್ತಾಳೆ.
ಮಗಳತ್ತ ತಿರುಗಿದ. ಅವಳೂ ಅದೇ ಕಿವಿ, ಅದೇ ನಗು.
ಗಾಳಿಗೆದುರು ಅರಚಿ ಅರಚಿ
ತನ್ನ ಬೆಲೆಯನ್ನು ತಾನೇ ಎರಡು ಸಲ ಏರಿಸಿದ.

ನಂಜಾಣು ಎಂದಾದರೂ ಬೇರೆ ದನಿ ಕಲಿತೀತು.
ಕಲಿಯುತ್ತದೆ, ನನಗೆ ಗೊತ್ತು. ಜೇಬಿನ ಲಕೋಟೆಗಳ ಮೇಲೆ
ಪೆನ್ಸಿಲಿನಲ್ಲಿ ಮಾತ್ರ ಬರೆದಿದ್ದೇನೆ.

ಅಜ್ಜಿ ಒಂದು ಕೋಸು ಸೀಳಿ ಹಳದಿ ಎದೆ ಕಿತ್ತು ಕೊಟ್ಟಳು.
‘ಅವ್ವನ ಕಹಿ ಚೂರು ಉಳಿದಿದೆ,’ ಎಂದಳು, ಊರಿಗೆಲ್ಲ ಕೇಳುವ ಹಾಗೆ.
ಮುಂದಿನ ಸಲ ತೆಗೆದುಬಿಡಲೇ, ಎಂದು ಕೂಗಿದೆ.
ಕೇಳಿಸಿತೋ ಇಲ್ಲವೋ,
ಉಪ್ಪುನೀರಿನ ತೊಟ್ಟಿಯ ಕಡೆ ನಡೆದಳು.